ಮೀನಿಗಿ ಜಡ್ಡು ಬಂದ್ರ ಮೊದಲ ನೀರು ನೋಡಬೇಕು

ಈ ಸಲ ಹಪ್ಪಳ, ಶೇಂಗಾ ಹಿಂಡಿ, ಕೌದಿ ಹೊಲಿಯೋ ಮಾತಿಲ್ಲ. ನಮ್ಮ ಮನ್ಯಾಗಿನ ಒಂದು ಮೀನಿಗಿ ಬಂದ ಜಡ್ಡಿನ ಮಾತೈತಿ. ಆ ಜಡ್ಡಿನ ಸಲುವಾಗಿ ನಾನು ಹುಡುಕಿ ಓದಿದ ಹಳೆ ಕಥಿನೂ ಐತಿ. ಕೌದಿನೂ ಕಡೀಕ ಬರ್ತೈತಿ, ಸ್ವಲ್ಪ ತಾಳ್ರಿ.

"ಮೀನಾ? ನಿಮ್ಮ ಮನ್ಯಾಗ?" ಅಂತ ಬಾಜೂ ಮನಿ ಕಾಕಿ ಮೊದಲ ದಿನ ಬಾಯಿ ಮ್ಯಾಲ ಕೈ ಇಟ್ಟಿದ್ರು. ಮೀನ ತಿನ್ನೋ ಮನಿ ನಮ್ಮದಲ್ಲ. ಮೂರು ವರ್ಷದ ಹಿಂದ ಮೊಮ್ಮಗ ಜಾತ್ರ್ಯಾಗ ಹಟಾ ಮಾಡಿ ತಂದಿದ್ದ. ಒಂದು ಗಾಜಿನ ಬಾಟ್ಲಿ, ಅದರಾಗ ಬೆರಳುದ್ದದ ನೀಲಿ ಮೀನ, ಇಳಕಲ್ ಸೀರಿ ನಿರಿಗಿ ಹಂಗ ಹರಡಿದ ಬಾಲ. ಬೆಟ್ಟಾ ಅಂತ ಹೆಸರು, ಫೈಟರ್ ಅಂತನೂ ಅಂತಾರ. ಮಾರಿದವ, "ಇದಕ್ಕೇನೂ ಬ್ಯಾಡ್ರಿ, ಒಂದ್ ಬಾಟ್ಲಿ ನೀರಾಗ ಆರಾಮ ಇರ್ತೈತಿ" ಅಂದ. ನಾವು ನಂಬಿದಿವಿ.

ಇಪ್ಪತ್ತು ದಿನಕ್ಕ ನೀರು ಕಲಕಾತು, ಮೀನ ಮಂಕಾತು. ಹೊಲಸಿಗೇ ಹಿಂಗಾಗೈತಿ ಅಂದವಳ, ಭಾಂಡೆ ತಿಕ್ಕೋ ಕೈಲೇ ಬಾಟ್ಲಿಗೂ ಸಬಕಾರ ಹಚ್ಚಿ ಲಕಲಕ ತೊಳದೆ. ಆಗಷ್ಟ ಬಂದ ನಳದ ನೀರು ತುಂಬಿ ಮೀನ ಬಿಟ್ಟೆ. ಮರುದಿನ ಮುಂಜಾನೆ ನೋಡಿದ್ರ ಮೀನ ಮಗ್ಗಲಾಗಿ ತೇಲಾಕತ್ತಿತ್ತು. ಮೊಮ್ಮಗ ಅಳಲಿಲ್ಲ. ನನ್ನ ಮಾರಿ ನೋಡಿ, "ಆಯಿ, ನೀ ತೊಳದಿದ್ದಕ್ಕ ಸತ್ತಿತೇನ?" ಅಂತ ಕೇಳಿದ. "ಅದರ ಆಯುಷ್ಯ ಅಷ್ಟ ಇತ್ತಪ್ಪಾ" ಅಂದುಬಿಟ್ಟೆ. ಮಾತೇನೋ ಮುಗೀತು, ನನ್ನ ಮನಸಿನ್ಯಾಗ ಮುಗೀಲಿಲ್ಲ. ಮುಂದ ಎರಡನೇ ಮೀನ ತಂದಾಗ, ಮೊದಲ ಇದರ ಹುಟ್ಟೂರು ಯಾವುದು, ಯಾರು ಇದನ್ನ ಬಾಟ್ಲ್ಯಾಗ ಇಟ್ರು ಅಂತ ತಿಳಕೊಂಡೇ ಸಾಕಬೇಕಂತ ಕುಂತೆ.

ಇದರ ತವರುಮನಿ ಸಯಾಮ, ಅಂದ್ರ ಈಗಿನ ಥಾಯ್ಲೆಂಡ್. ಅಲ್ಲಿ ಭತ್ತದ ಗದ್ದಿ, ಜವಳು ನೆಲ, ಹುಲ್ಲು ಬೆಳದ ತೆಳ್ಳನ ನೀರು ಇದರ ಮನಿ. ಅಂಥ ನೀರಾಗ ಗಾಳಿ ಕಡಿಮಿ. ಅದಕ್ಕ ಈ ಮೀನಿನ ತಲಿಯೊಳಗ, ಕಿವಿರಿನ ಮ್ಯಾಲ, ಇನ್ನೊಂದು ಉಸಿರಿನ ಅಂಗ ಐತಿ. ಮ್ಯಾಲ ಬಂದು ಬಾಯಿ ತೆರದು ನಮ್ಮ ಹಂಗ ಗಾಳಿ ನುಂಗ್ತೈತಿ. ಗಂಡು ಮೀನ ಬಾಯಿಂದ ನೊರಿ ಗುಳ್ಳಿ ಮಾಡಿ ಗೂಡು ಕಟ್ಟತೈತಿ. ತತ್ತಿ ಕಾಯೋ ಬಾಣಂತನ ಎಲ್ಲಾ ಗಂಡಿಂದ. (ಇದನ್ನ ನಮ್ಮ ಮನಿಯವರಿಗಿ ಎರಡು ಸಲ ಓದಿ ಹೇಳೇನಿ.)

ಸಯಾಮದ ಮಂದಿ ಇವನ್ನ ಕಾಳಗಕ್ಕ ಸಾಕತಿದ್ರು, ನಮ್ಮ ಕಡೆ ಟಗರಿನ ಕಾಳಗ ಇದ್ದಂಗ. ಎರಡು ಗಂಡು ಒಂದ ಕಡೆ ಇದ್ರ ಕಚ್ಚಾಡಿ ಸಾಯ್ತಾವ ಅಂತ ಒಂದೊಂದನ್ನ ಬ್ಯಾರೆ ಬ್ಯಾರೆ ಬಾಟ್ಲ್ಯಾಗ ಇಡೋರು. ಕಾಳಗ ಆಡಿಸೋ ಪರವಾನಗಿಯಿಂದ ಅಲ್ಲಿನ ಅರಸನಿಗಿ ಆದಾಯನೂ ಇತ್ತು. ಇದನ್ನ ಬರದಿಟ್ಟವ ಥಿಯೊಡೋರ್ ಕ್ಯಾಂಟರ್ ಅನ್ನೋ ಡೆನ್ಮಾರ್ಕ್ ಮೂಲದ ಡಾಕ್ಟರ, ಕಂಪನಿ ಸರಕಾರದ ನೌಕರ. 1840ರ ಸುಮಾರಿಗಿ ಅರಸನ ಕಡೆಯಿಂದ ಬಂದ ಮೀನ ಅವನ ಕೈ ಸೇರಿದ್ವು ಅಂತಾರ. 1849ರಾಗ ಕಲ್ಕತ್ತಾದ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯೊಳಗ ಅವ ಇವುಗಳ ಬಗ್ಗೆ ಬರದ. ಮುಂದ ಚಾರ್ಲ್ಸ್ ಟೇಟ್ ರೀಗನ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ, ಕ್ಯಾಂಟರ್ ಇದನ್ನ ಬ್ಯಾರೆ ಜಾತಿ ಜೋಡಿ ಕೂಡಿಸಿದ್ದು ತಪ್ಪಂತ ತೋರಿಸಿ ಬೆಟ್ಟಾ ಸ್ಪ್ಲೆಂಡೆನ್ಸ್ ಅಂತ ಹೆಸರಿಟ್ಟ. ಆ ಹೆಸರು 1910ರದು. ಥಾಯ್ಲೆಂಡ್ ಸರಕಾರ 2019ರಾಗ ಇದನ್ನ ತನ್ನ ರಾಷ್ಟ್ರೀಯ ಜಲಚರ ಅಂತ ಸಾರೇತಿ.

ಅಂದ್ರ ಬಾಟ್ಲಿ ಈ ಮೀನಿನ ಮನಿ ಅಲ್ಲ. ಜಗಳಗಂಟರನ್ನ ಬ್ಯಾರೆ ಕೂಡಿಸೋ ಖೋಲಿ ಅದು. ಖೋಲಿ ನೋಡಿದ ಮಂದಿ ಇದಕ್ಕ ಇಷ್ಟ ಜಾಗ ಸಾಕಂತ ತಿಳದ್ರು. ಗಾಳಿ ನುಂಗಿ ಬದಕತೈತಿ ಅನ್ನೋದು ಖರೆ. ಆದ್ರ ಅದು ಹೇಸೋ ಹೊಲಸು ಹೋಗೂದು ಎಲ್ಲಿಗಿ? ಅದೇ ನೀರಿಗಿ.

ನಮ್ಮ ಸೀಮಿಯೊಳಗ ಮೀನಿನ ಬಗ್ಗೆ ಯಾರೂ ಬರದಿಲ್ಲೇನು ಅಂತ ಹುಡುಕಿದ್ರ, ಭಾಳ ದೊಡ್ಡವರೇ ಸಿಕ್ಕರು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ, 1127ರಿಂದ 1138ರ ತನಕ ಆಳಿದವ, ಸಂಸ್ಕೃತದಾಗ ಮಾನಸೋಲ್ಲಾಸ ಅನ್ನೋ ಗ್ರಂಥ ಬರದಾನ. ಅಡಗಿ, ಹಾಡು, ಆಟ, ಆನಿ, ಕುದರಿ ಎಲ್ಲಾ ಅದರಾಗ ಅದಾವ. ಮತ್ಸ್ಯವಿನೋದ ಅಂತ ಮೀನಿಂದು ಒಂದು ಭಾಗಾನೂ ಐತಿ. ಯಾವ ಮೀನ ಸಮುದ್ರದ್ದು, ಯಾವುದು ಹೊಳಿದು, ಯಾವುದಕ್ಕ ಹುರುಪಿ ಐತಿ, ಯಾವುದಕ್ಕಿಲ್ಲ, ಯಾವ ಮೀನಿಗಿ ಯಾವ ತಿನಿಸು ಅಂತ ಬಿಡಿಸಿ ಹೇಳ್ಯಾನ. ಆವಾಗ ನಮ್ಮ ಈ ಭಾಗ ತರ್ದವಾಡಿ ನಾಡು. ಭೀಮಾ ದಂಡಿ ಮ್ಯಾಲಿನ ತದ್ದೇವಾಡಿ ಅದರ ಮೂಲ. ನನ್ನ ತವರು ಅದೇ ಕಡೆ. ಅರಸ ಬರದದ್ದು ಗಾಳ ಹಾಕಿ ಹಿಡಿಯೋ ಆಟಕ್ಕ, ಜಡ್ಡು ನೋಡಾಕಲ್ಲ. ಆದ್ರೂ ಸುಮಾರು 900 ವರ್ಷದ ಹಿಂದ ನಮ್ಮ ಅರಸೊಬ್ಬ ಒಂದೊಂದು ಮೀನಿನ ಊಟ ಬ್ಯಾರೆ ಅಂತ ಕುಂತು ಬರದಾನ. ನಾವು ಮೀನಿಗಿ ಅನ್ನದ ಅಗಳು, ರೊಟ್ಟಿ ಚೂರು ಉದರಸ್ತೀವಿ! ಬೆಟ್ಟಾ ಹುಳ ತಿನ್ನೋ ಮೀನ. ಸೊಳ್ಳಿ ಮರಿ ಅಂದ್ರ ಅದಕ್ಕ ಹೋಳಿಗಿ ಊಟ.

ಇನ್ನ ನೀರಿನ ಮಾತಿಗಿ ಬರೂಣು. ನೀರು ಸುಮ್ಮ ಕುಡಿಯೂದಲ್ಲ, ಸೋಸಿ ಕುಡೀಬೇಕು ಅಂತ ನಮ್ಮ ಹಿರೇರಿಗಿ ಯಾರೂ ಸಾಲ್ಯಾಗ ಕಲಸಲಿಲ್ಲ. ಮೆಟ್ಟಿಲಭಾವಿ ನೀರು ಕುಡದು ಕಾಲಾಗ ನಾರುಹುಣ್ಣು ಎದ್ದ ಮಂದೀನ ನಮ್ಮ ಅವ್ವನ ಕಾಲದೋರು ಕಣ್ಣಾರ ಕಂಡಾರ. ಕಣ್ಣಿಗಿ ಕಾಣದಷ್ಟು ಸಣ್ಣ ನೀರುಹುಳದ ಹೊಟ್ಟ್ಯಾಗ ಅದರ ಮರಿ ಇರ್ತಿತ್ತು. ಅರಿವಿಯೊಳಗ ಸೋಸಿದ್ರ ಉಳೀತಿದ್ರು. 1996ರಾಗ ದೇಶದ ಕಡೇ ರೋಗಿ ಕಂಡು, 2000ದಾಗ ಭಾರತದಾಗ ನಾರುಹುಣ್ಣು ಇಲ್ಲ ಅಂತ ಜಾಹೀರ ಆತು. ಔಷಧದಿಂದಲ್ಲ, ನೀರು ಸುಧಾರಿಸಿ ಆ ಜಡ್ಡು ಹೋತು. ಮೀನಿನ ಜಡ್ಡಿಂದೂ ಇದೇ ಲೆಕ್ಕ.

ನಾನು ಮಾಡಿದ ತಪ್ಪು ಎಲ್ಲಿ ಇತ್ತಂತ ತಿಳಿಯಾಕ ದೂರ ಹೋಗಬೇಕಾತು. 1850ರ ಸುಮಾರಿಗಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಗಾಜಿನ ತೊಟ್ಟ್ಯಾಗ ಮೀನ, ನೀರಿನ ಗಿಡ, ಬಸವನಹುಳ ಕೂಡಿಸಿಟ್ಟು, ಒಂದಕ್ಕೊಂದು ಆಸರಾಗಿ ಬದಕತಾವ ಅಂತ ತೋರಿಸಿದ. ಅದು ಯಾಕ ಅನ್ನೋದರ ಇನ್ನೊಂದು ಅರ್ಧ ತಿಳದದ್ದು 1890ರ ಸುಮಾರಿಗಿ. ರಶಿಯಾದ ವಿನೊಗ್ರಾಡ್ಸ್ಕಿ ಮಣ್ಣಾಗಿನ ಕೆಲವು ಸೂಕ್ಷ್ಮಜೀವಿ ಹೊಲಸಿನಿಂದ ಹುಟ್ಟೋ ಅಮೋನಿಯಾನ ತಿಂದು ಬದಲಿ ಮಾಡ್ತಾವ ಅಂತ ಕಂಡುಹಿಡದ. ಇಂಥವು ಮೀನಿನ ತೊಟ್ಟ್ಯಾಗೂ ಕಲ್ಲಿಗಿ, ಗಿಡಕ್ಕ, ಗಾಜಿಗಿ ಅಂಟಿಕೊಂಡು ಇರ್ತಾವ. ನಮ್ಮ ಹೆಪ್ಪಿನ ಗಡಿಗಿ ಇದ್ದಂಗ. ದಿನಾ ಬಿಸಿನೀರು, ಸಬಕಾರ ಹಾಕಿ ಹೆಪ್ಪಿನ ಗುರುತೇ ಇಲ್ಲದಂಗ ತಿಕ್ಕಿದ್ರ ಮೊಸರು ಎಲ್ಲಿಂದ ಆಗಬೇಕು? ನಾನು ಒಮ್ಮೆಗೇ ಮೂರು ತಪ್ಪು ಮಾಡಿದ್ದೆ. ಸಬಕಾರ ಹಚ್ಚಿದೆ, ಇದ್ದ ನೀರೆಲ್ಲಾ ಚೆಲ್ಲಿ ಥಂಡಿ ನೀರು ಹೊಯ್ದೆ, ಕ್ಲೋರಿನ್ ಇದ್ದ ನಳದ ನೀರು ಹಂಗೇ ಹಾಕಿದೆ.

ಕ್ಲೋರಿನ್ ತೆಗಿಯೋ ಹನಿ ಅಂತ ಅಂಗಡ್ಯಾಗ ಸಣ್ಣ ಬಾಟ್ಲಿ ಸಿಗತೈತಿ. ಅದರ ಒಳಗ ಏನಿರ್ತೈತಿ ಅಂತ ನೋಡಿದ್ರ, ಹಲವು ಬಾಟ್ಲ್ಯಾಗ ಇರೂದು ನಮ್ಮ ಹಳೇ ಹೈಪೋ! ಸಿಂದಗಿಯೊಳಗ ನಮ್ಮ ಸೋದರಮಾವನ ಫೋಟೋ ಸ್ಟುಡಿಯೋ ಇತ್ತು. ಕತ್ತಲಖೋಲ್ಯಾಗ ಕೆಂಪು ಬಲ್ಬು ಹಚ್ಚಿ, ಕಲ್ಲುಸಕ್ರಿ ಹಂಗಿದ್ದ ಹೈಪೋ ನೀರಾಗ ಕಲಸಿ ಫೋಟೋ ಅದ್ದತಿದ್ದ. ನಮ್ಮ ಲಗ್ನದ ಫೋಟೋ ಇನ್ನೂ ಅಳಿಸದ ನಿಂತದ್ದು ಅದರಿಂದನ. 1819ರಾಗ ಜಾನ್ ಹರ್ಷೆಲ್ ಅದರ ಗುಣ ಕಂಡುಹಿಡದಿದ್ದ, 1839ರಿಂದ ಫೋಟೋದೋರು ಬಳಸಾಕ ಹತ್ತಿದ್ರು. ಅದೇ ಹೈಪೋ ಇವತ್ತು ಮೀನಿನ ಜೀವ ಕಾಯತೈತಿ. ಹನಿ ಇಲ್ಲದಿದ್ರ ಚಿಂತಿಲ್ಲ. ಬಾಯಿ ಅಗಲ ಇದ್ದ ಬಕೀಟಿನ್ಯಾಗ ನಳದ ನೀರು ಒಂದು ದಿನ ತೆರದಿಟ್ರ ಕ್ಲೋರಿನ್ ಹಾರಿಹೋಗತೈತಿ. ನಮ್ಮ ಊರಾಗ ನಳ ದಿನಾ ಬರೂದಿಲ್ಲ, ಹಿಡದಿಟ್ಟ ನೀರೇ ನಮ್ಮ ಬಾಳ್ವಿ. ಮೀನಿಗಿ ಅದೇ ಛಲೋ.

ಇನ್ನೊಂದು ನೀಲಿ ಔಷಧ, ಮೆಥಿಲೀನ್ ಬ್ಲೂ. 1876ರಾಗ ಜರ್ಮನಿಯ ಹೈನ್ರಿಕ್ ಕಾರೋ ಅರಿವಿಗಿ ಹಾಕೋ ಬಣ್ಣ ಅಂತ ಅದನ್ನ ತಯಾರ ಮಾಡಿದ. 1891ರಾಗ ಪಾಲ್ ಎರ್ಲಿಕ್ ಅದನ್ನ ಮಲೇರಿಯಾ ರೋಗಿಗಳಿಗಿ ಕೊಟ್ಟು ನೋಡಿದ. ಮುಂದ ಅದು ಮೀನು ಸಾಕೋರ ಕಪಾಟಿಗಿ ಬಂತು. ಬೂಜು ಹಿಡದ ಮೀನಿಗಿ, ತತ್ತಿಗಿ ಬಳಸತಾರ. ಮೈಮ್ಯಾಲ ರವಾ ಉದರಿಸಿದಂಗ ಬಿಳಿ ಚುಕ್ಕಿ ಏಳೋ ಜಡ್ಡಿನ ಹುಳಕ್ಕ ಫ್ರಾನ್ಸಿನ ಫೂಕೆ ಹೆಸರಿಟ್ಟದ್ದೂ 1876ರಾಗನ.

ಈಗ ನಮ್ಮ ಎರಡನೇ ಮೀನು. ಇದಕ್ಕ 15 ಲೀಟರಿನ ತೊಟ್ಟಿ, ಒಂದೆರಡು ನೀರಿನ ಗಿಡ ಇಟ್ಟೀವಿ. ಹೋದ ಡಿಸೆಂಬರಿನ್ಯಾಗ ಥಂಡಿ ಬಿದ್ದಾಗ ರೆಕ್ಕಿ ಮುದುಡಿ ತಳಕ್ಕ ಕುಂತು ಬಿಟ್ಟಿತು. ಬಾಲದ ಅಂಚಿಗಿ ಅಳ್ಳಿಯಂಗ ಬಿಳಿ ಬೂಜು, ಊಟ ಬ್ಯಾಡ. ನೀರಾಗ ಥರ್ಮಾಮೀಟರ್ ಇಟ್ರ 19 ಡಿಗ್ರಿ. ಇದಕ್ಕ ಬೇಕಾದ್ದು 25ರಿಂದ 28. ಮೊಮ್ಮಗ ಒಂದ ಮಾತೂ ಆಡದ ನನ್ನ ಕೈನ ನೋಡಕೋತ ನಿಂತಿದ್ದ. ಈ ಸಲ ತೊಳಿಯಾಕ ಹೋಗಲಿಲ್ಲ.

ಮೊದಲ ತೊಟ್ಟಿಯ ಕಾಲು ಭಾಗ ನೀರು ತಗದು, ದಿನಾ ತೆರದಿಟ್ಟ, ಅದೇ ಬೆಚ್ಚಗಿನ ನೀರು ನಿಧಾನ ಸೇರಿಸಿದೆ. ಸಣ್ಣ ಹೀಟರ್ ತರಿಸಿ, ದಿನಕ್ಕ ಒಂದೆರಡು ಡಿಗ್ರಿ ಮಾತ್ರ ಏರಿಸಿದಿವಿ. ರಾತ್ರಿ ಕರೆಂಟ್ ಹೋಗ್ತಿತ್ತು. ಆವಾಗ ನಮ್ಮ ಅತ್ತಿಯವರು ಹೊಲದ ಹಳೇ ಕೌದಿ ತೊಟ್ಟಿಗಿ ಸುತ್ತಿದೆ, ಮ್ಯಾಲಿನ ಬಾಯಿ ಉಸಿರಿಗಿ ತೆರದ ಬಿಟ್ಟು. ಮೀನಿಗಿ ಬ್ಯಾರೆ ಪ್ಲಾಸ್ಟಿಕ್ ಡಬ್ಬಿಯೊಳಗ 5 ಲೀಟರ್ ನೀರು ಮಾಡಿ, ಒಂದು ಸಣ್ಣ ಚಮಚ ಹರಳುಪ್ಪು ಮೊದಲ ಕರಗಿಸಿ ಹಾಕಿದೆ. ನೀಲಿ ಔಷಧ ಬಾಟ್ಲಿ ಮ್ಯಾಲ ಬರದಷ್ಟ, ಹನಿ ಹೆಚ್ಚಿಲ್ಲ. ಅದನ್ನ ಗಿಡ ಇದ್ದ ತೊಟ್ಟಿಗಿ ಹಾಕಬಾರದು, ಹೆಪ್ಪಿನಂಥ ಆ ಜೀವಿಗಳೂ ಸಾಯ್ತಾವ. ದಿನಾ ಡಬ್ಬಿಯ ಸ್ವಲ್ಪ ನೀರು ಬದಲಿಸಿದೆ. ಹೊಸಾ ನೀರಿಗಿ ಅಷ್ಟಕ್ಕಷ್ಟ ಉಪ್ಪು, ಔಷಧ. ಎರಡು ದಿನ ಉಪವಾಸ, ಆಮ್ಯಾಲ ಒಂದೆರಡು ಕಾಳು ತಿನಿಸು. ಒಂದು ವಾರಕ್ಕ ಉಪ್ಪು ನಿಲ್ಲಿಸಿದೆ.

ನಾಕನೇ ದಿನ ಬೂಜು ಉದರಿತು. ಆರನೇ ದಿನ ಮ್ಯಾಲ ಬಂದು ಗಾಳಿ ನುಂಗಿ, ನನ್ನ ಬೆರಳು ಕಂಡು ರೆಕ್ಕಿ ಹರವಿತು. ಬಾಲ ಮೊದಲಿನಷ್ಟು ಬೆಳದಿಲ್ಲ, ಅಂಚು ಹರದ ಸೆರಗಿನಂಗ ಐತಿ. ಆದ್ರ ಐತಿ.

ಎಲ್ಲಾ ಜಡ್ಡೂ ಹಿಂಗ ವಾಸಿ ಆಗತೈತಿ ಅಂತ ಹೇಳೂದಿಲ್ಲ. ಹೊಟ್ಟಿ ಉಬ್ಬಿ ಹುರುಪಿ ಎಲ್ಲಾ ಮುಳ್ಳಿನಂಗ ನಿಗರಿ ನಿಂತ್ರ ಒಳಗಿನ ಅಂಗ ಕೆಟ್ಟಾವ ಅಂತ ಅರ್ಥ, ಅಂಥದು ಉಳಿಯೂದು ಅಪರೂಪ. ಆವಾಗ ನೀರು ಸ್ವಚ್ಛ, ಬೆಚ್ಚಗ ಇಟ್ಟು ಗದ್ದಲಾ ಮಾಡದ ಬಿಡೂದ ಉಪಕಾರ. ಸಿಕ್ಕ ಔಷಧ ಎಲ್ಲಾ ಸುರುವಬ್ಯಾಡ್ರಿ. ಬ್ಯಾಡಾದ ಮೀನನ್ನ ಹೊಳಿಗಿ, ಭಾವಿಗಿ ಬಿಡಬ್ಯಾಡ್ರಿ. ಅದು ನಮ್ಮ ಕೃಷ್ಣಾ, ಭೀಮಾದ ಮೀನಲ್ಲ, ಅದರ ಜಡ್ಡು ಅಲ್ಲಿನ ಮೀನಿಗಿ ಹತ್ತಬಾರದು.

ಮೀನ ಮತ್ತ ದೊಡ್ಡ ತೊಟ್ಟಿಗಿ ಬಿಟ್ಟ ದಿನ, ಮೊಮ್ಮಗ ಬಾಜೂಕ ಕುಂತು ತನ್ನ ಹಳೇ ಪ್ರಶ್ನಿ ಮತ್ತ ತಗದ. "ಆಯಿ, ಮೊದಲಿಂದು ಯಾಕ ಸತ್ತಿತು?"

"ನಾ ತೊಳದಿದ್ದಕ್ಕಪ್ಪಾ" ಅಂದೆ. "ನನಗ ಗೊತ್ತಿರಲಿಲ್ಲ."

ಅವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮ್ಯಾಲ ಎದ್ದು ಹೋಗಿ ಬಕೀಟಿನ್ಯಾಗ ನೀರು ಹಿಡದು, ಮುಚ್ಚಳ ತಗದಿಟ್ಟು ಬಂದ, ನಾಳಿನ ಸಲುವಾಗಿ.