ಚಳಿಗಾಲದ ಕೊನೆಗೆ ಅರಳುವ ಸ್ನೋಡ್ರಾಪ್

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿ ಕೋಲ್ಸ್‌ಬೋರ್ನ್ ಎಂಬ ಒಂದು ಸಣ್ಣ ಊರಿದೆ. ಅಲ್ಲಿನ ಹಳೆಯ ಜಮೀನ್ದಾರಿ ಉದ್ಯಾನವನ್ನು ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯುತ್ತಾರೆ. ಆಗ ಮರಗಳಲ್ಲಿ ಒಂದು ಎಲೆಯೂ ಇರುವುದಿಲ್ಲ. ನೆಲ ಒದ್ದೆ, ಗಾಳಿ ಕೊರೆಯುವಷ್ಟು ತಂಪು. ಜನ ದಪ್ಪ ಕೋಟು, ರಬ್ಬರ್ ಬೂಟು ಹಾಕಿಕೊಂಡು ಕಾಡಿನ ಕಾಲುದಾರಿಯಲ್ಲಿ ನೆಲ ನೋಡುತ್ತ ನಡೆಯುತ್ತಾರೆ. ಅವರು ನೋಡಲು ಬಂದಿರುವುದು ಒಂದು ಗೇಣುದ್ದದ ಗಿಡವನ್ನು. ಬೋಳು ಮರಗಳ ಬುಡದಲ್ಲಿ, ಒಣಗಿದ ತರಗೆಲೆಗಳ ನಡುವೆ, ತೊರೆಯ ದಂಡೆಯಲ್ಲಿ, ಚರ್ಚಿನ ಅಂಗಳದಲ್ಲಿ ಎಲ್ಲೆಲ್ಲೂ ತಲೆ ತಗ್ಗಿಸಿ ನಿಂತ ಬಿಳಿಯ ಹೂಗಳು. ದೂರದಿಂದ ನೋಡಿದರೆ ಕರಗದೆ ಉಳಿದ ಹಿಮದಂತೆಯೇ ಕಾಣುತ್ತದೆ. ಇದೇ ಸ್ನೋಡ್ರಾಪ್, ಹಿಮದ ಹನಿ.

ಲಿನೇಯಸ್ 1753ರಲ್ಲಿ ಇದಕ್ಕೆ ಗ್ಯಾಲಂಥಸ್ ನಿವಾಲಿಸ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ‘ಗಾಲ’ ಎಂದರೆ ಹಾಲು, ‘ಆಂಥೋಸ್’ ಎಂದರೆ ಹೂವು. ‘ನಿವಾಲಿಸ್’ ಎಂಬುದು ಹಿಮಕ್ಕೆ ಸಂಬಂಧಿಸಿದ ಲ್ಯಾಟಿನ್ ಪದ. ಹಾಲುಹೂವು ಎಂದು ನಾವು ಕರೆಯಬಹುದು. ಅಮರಿಲ್ಲಿಡೇಸೀ ಕುಟುಂಬದ ಈ ಗಿಡಕ್ಕೆ ನಮ್ಮ ಅಡುಗೆಮನೆಯಲ್ಲೂ ನೆಂಟರಿದ್ದಾರೆ. ಈಗಿನ ವರ್ಗೀಕರಣದ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿಗಳೂ ಇದೇ ಕುಟುಂಬಕ್ಕೆ ಸೇರುತ್ತವೆ. ಆದರೆ ಸ್ನೋಡ್ರಾಪ್‌ನ ಗಡ್ಡೆ ವಿಷ. ತಿಂದರೆ ವಾಂತಿ, ಭೇದಿ ಖಂಡಿತ. ಈ ವಿಷದ ಮಾತು ಮುಂದೆ ಮತ್ತೆ ಬರುತ್ತದೆ.

ಕೊರೆಯುವ ಚಳಿಯಲ್ಲಿ ಇದೊಂದು ಹೇಗೆ ಅರಳುತ್ತದೆ? ಹಿಂದಿನ ವಸಂತದಲ್ಲಿ ಎಲೆಗಳು ತಯಾರಿಸಿದ ಆಹಾರ ಗಡ್ಡೆಯಲ್ಲಿ ಸಂಗ್ರಹವಾಗಿರುತ್ತದೆ. ಮೊಗ್ಗು ಕೂಡ ಗಡ್ಡೆಯೊಳಗೆ ಮೊದಲೇ ರೂಪುಗೊಂಡಿರುತ್ತದೆ. ಎಲೆಯ ತುದಿ ಗಡುಸಾಗಿರುವುದರಿಂದ ಹೆಪ್ಪುಗಟ್ಟಿದ ಮಣ್ಣನ್ನೂ ತೂರಿ ಮೇಲೆ ಬರಬಲ್ಲದು. ಮರಗಳು ಚಿಗುರಿ ನೆರಳು ಬೀಳುವುದರೊಳಗೆ ಬಿಸಿಲನ್ನು ಹೀರಿಕೊಂಡು, ಬೇಸಿಗೆ ಬರುವಷ್ಟರಲ್ಲಿ ಮಣ್ಣಿನೊಳಗೆ ಮರೆಯಾಗುವುದೇ ಇದರ ಜೀವನಕ್ರಮ. ಹೂವಿಗೆ ಹೊರಗೆ ಮೂರು ದೊಡ್ಡ ದಳ, ಒಳಗೆ ಹಸಿರು ಗುರುತಿರುವ ಮೂರು ಚಿಕ್ಕ ದಳ. ಹವೆ ಬೆಚ್ಚಗಾದಾಗ ಮಾತ್ರ ಹೊರದಳಗಳು ಬಿಚ್ಚಿಕೊಳ್ಳುತ್ತವೆ. ಜೇನ್ನೊಣ ಹೊರಬೀಳುವುದೂ ಆಗಲೇ ತಾನೆ! ಬೀಜಕ್ಕೆ ಕೊಬ್ಬು ತುಂಬಿದ ಒಂದು ಚಿಕ್ಕ ಬಾಲವಿರುತ್ತದೆ. ಅದರ ಆಸೆಗೆ ಇರುವೆಗಳು ಬೀಜವನ್ನು ಹೊತ್ತೊಯ್ದು ಹರಡುತ್ತವೆ. ಆದರೂ ಬ್ರಿಟನ್ನಿನ ಕಾಡುಗಳಲ್ಲಿ ಕಾಣುವ ಬಿಳಿಯ ಹಾಸು ಬಹುಪಾಲು ಗಡ್ಡೆಗಳು ಒಡೆದು ಮರಿಯಿಟ್ಟು ಬೆಳೆದದ್ದು.

ಇಂಗ್ಲಿಷರು ತಮ್ಮ ನೆಲದ್ದೇ ಎಂದು ನಂಬಿರುವ ಈ ಹೂವು ಅಲ್ಲಿಯದಲ್ಲ ಎಂಬುದು ಇಂದಿನ ಸಸ್ಯವಿಜ್ಞಾನಿಗಳಲ್ಲಿ ಹೆಚ್ಚಿನವರ ಅಭಿಪ್ರಾಯ. ಅದರ ಸಹಜ ನೆಲೆ ಯುರೋಪ್ ಖಂಡದ ಪಿರೆನೀಸ್ ಪರ್ವತಗಳಿಂದ ಉಕ್ರೇನ್‌ವರೆಗೆ. ಇತರ ಪ್ರಭೇದಗಳು ಟರ್ಕಿ, ಕಾಕಸಸ್ ಪ್ರದೇಶಗಳವು. ಜಾನ್ ಜೆರಾರ್ಡ್ 1597ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಇದರ ವರ್ಣನೆಯಿದೆ. ಇದು ಇಟಲಿಯ ಕಡೆ ಕಾಡಿನಲ್ಲಿ ಬೆಳೆಯುತ್ತದೆ, ಲಂಡನ್ನಿನ ತೋಟಗಳಿಗೆ ಬಂದು ಬಹಳ ವರ್ಷಗಳಾದವು ಎಂದು ಆತ ಬರೆದ. ‘ಸ್ನೋಡ್ರಾಪ್’ ಎಂಬ ಹೆಸರು ಕಾಣಿಸಿಕೊಳ್ಳುವುದು ಥಾಮಸ್ ಜಾನ್ಸನ್ ಪರಿಷ್ಕರಿಸಿದ 1633ರ ಆವೃತ್ತಿಯಲ್ಲಿ. ಕಾಡಿನಲ್ಲಿ ತಾನಾಗಿ ಬೆಳೆದುದನ್ನು ಬ್ರಿಟನ್ನಿನಲ್ಲಿ ಮೊದಲು ದಾಖಲಿಸಿದ್ದು 1770ರ ದಶಕದಲ್ಲಿ. ಫೆಬ್ರವರಿಯಲ್ಲಿ ಕಣ್ಣಿಗೆ ಹೊಡೆಯುವಂತೆ ಅರಳುವ ಹೂವನ್ನು ಅಲ್ಲಿಯವರೆಗೆ ಯಾವ ಸಸ್ಯಪ್ರೇಮಿಯೂ ಕಾಡಿನಲ್ಲಿ ಗಮನಿಸಲಿಲ್ಲ ಎಂದರೆ ನಂಬುವುದು ಕಷ್ಟ. ತೋಟದಿಂದ ಬೇಲಿ ದಾಟಿ ಕಾಡಿಗೆ ಹೋಯಿತು ಎನ್ನುವುದೇ ಹೆಚ್ಚು ಸಮಂಜಸ.

ಸ್ನೋಡ್ರಾಪ್ ಹಳೆಯ ಕ್ರೈಸ್ತ ಮಠಗಳ ಅವಶೇಷಗಳ ಸುತ್ತ ಹುಲುಸಾಗಿ ಬೆಳೆದಿದೆ. ಹಾಗಾಗಿ ಸನ್ಯಾಸಿಗಳೇ ಇಟಲಿಯಿಂದ ತಂದು ನೆಟ್ಟರು ಎಂಬ ಕಥೆ ಹುಟ್ಟಿಕೊಂಡಿದೆ. ಫೆಬ್ರವರಿ 2ರಂದು ಬರುವ ಕ್ಯಾಂಡಲ್‌ಮಸ್ ಹಬ್ಬಕ್ಕೆ ಸರಿಯಾಗಿ ಅರಳುವುದರಿಂದ ಕಥೆಗೆ ಬಲವೂ ಬಂದಿದೆ. ಆದರೆ ಅದಕ್ಕೆ ಬರವಣಿಗೆಯ ಆಧಾರ ಸಿಕ್ಕಿಲ್ಲ. ಇನ್ನೊಂದು ಕಥೆ ಕ್ರಿಮಿಯಾ ಯುದ್ಧದ್ದು (1853–56). ಯುದ್ಧಭೂಮಿಯಲ್ಲಿ ಅರಳಿದ್ದ ಅಗಲ ಎಲೆಯ ಗ್ಯಾಲಂಥಸ್ ಪ್ಲಿಕೇಟಸ್ ಗಡ್ಡೆಗಳನ್ನು ಸೈನಿಕರು ಊರಿಗೆ ತಂದರಂತೆ. ಕೆಲವರು ತಂದಿರಬಹುದು. ಆದರೆ ಆ ಪ್ರಭೇದ 19ನೆಯ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ತೋಟಗಾರರಿಗೆ ಪರಿಚಿತವಾಗಿತ್ತು. ಹೂವು ಚಿಕ್ಕದಾದರೂ ಅದರ ಸುತ್ತ ಕಥೆಗಳು ಬಹಳ.

ಕೋಲ್ಸ್‌ಬೋರ್ನ್‌ನ ಹೂಹಾಸಿಗೆ ಕಾರಣನಾದವನು ಹೆನ್ರಿ ಜಾನ್ ಎಲ್ವಿಸ್ (1846–1922). ಭಾರಿ ಆಳು, ಭಾರಿ ಗಂಟಲು, ಬೇಟೆ, ಪಕ್ಷಿ, ಚಿಟ್ಟೆ, ಮರ, ಗಡ್ಡೆಗಿಡ ಎಲ್ಲದರಲ್ಲೂ ಆಸಕ್ತಿ. ಈತನಿಗೆ ಭಾರತದ ನಂಟೂ ಇತ್ತು. 1870ರಲ್ಲಿ ಭೂವಿಜ್ಞಾನಿ ಬ್ಲ್ಯಾನ್‌ಫರ್ಡ್ ಜೊತೆ ಸಿಕ್ಕಿಂನಲ್ಲಿ ಟಿಬೆಟ್ ಗಡಿಯವರೆಗೆ ಸಂಚರಿಸಿದ್ದ. 1874ರಲ್ಲಿ ಟರ್ಕಿಯ ಸ್ಮಿರ್ನಾ, ಅಂದರೆ ಇಂದಿನ ಇಜ್ಮೀರ್ ಸಮೀಪದ ಬೆಟ್ಟಗಳಲ್ಲಿ ದೊಡ್ಡ ಹೂವಿನ ಒಂದು ಸ್ನೋಡ್ರಾಪ್ ಅವನ ಕಣ್ಣಿಗೆ ಬಿತ್ತು. ಮರುವರ್ಷ ಜೋಸೆಫ್ ಹೂಕರ್ ಅದನ್ನು ಗ್ಯಾಲಂಥಸ್ ಎಲ್ವೆಸೀ ಎಂದು ಹೆಸರಿಸಿದ. ಎಲ್ವಿಸ್ ತನ್ನ ಊರಿನಲ್ಲಿ ನೆಟ್ಟ ಗಡ್ಡೆಗಳ ಸಂತತಿಯನ್ನೇ ಇಂದು ಜನ ನೋಡಲು ಹೋಗುವುದು.

ಅದೇ ಕಾಲದ ಜೇಮ್ಸ್ ಆ್ಯಲೆನ್ ಸಾಮರ್‌ಸೆಟ್‌ನ ಷೆಪ್ಟನ್ ಮ್ಯಾಲೆಟ್ ಎಂಬ ಊರಿನವನು. ಪ್ರಭೇದಗಳನ್ನು ಅಡ್ಡಹಾಯಿಸಿ ನೂರಕ್ಕೂ ಹೆಚ್ಚು ಹೊಸ ಬಗೆಗಳನ್ನು ಬೀಜದಿಂದ ಬೆಳೆಸಿದ. ‘ಸ್ನೋಡ್ರಾಪ್ ರಾಜ’ ಎಂದೇ ಆತನಿಗೆ ಹೆಸರು. 1891ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಈ ಹೂವಿಗಾಗಿಯೇ ಸಮ್ಮೇಳನ ನಡೆಸಿದಾಗ ಪ್ರಬಂಧ ಓದಿದ. ಆದರೆ ಬಾಟ್ರೈಟಿಸ್ ಎಂಬ ಶಿಲೀಂಧ್ರ ಮತ್ತು ಗಡ್ಡೆ ಕೊರೆಯುವ ನೊಣದ ಹುಳು ಸೇರಿ ಅವನ ಸಂಗ್ರಹದ ಬಹುಭಾಗವನ್ನು ನಾಶಮಾಡಿದವು. ‘ಮ್ಯಾಗ್ನೆಟ್’, ‘ಮರ್ಲಿನ್’ ಮುಂತಾದ ಕೆಲವು ಬಗೆಗಳು ಇಂದಿಗೂ ಉಳಿದಿವೆ. ಒಂದೇ ಕುಲದ ಗಿಡಗಳನ್ನು ಒತ್ತೊತ್ತಾಗಿ ಬೆಳೆದರೆ ಏನಾಗುತ್ತದೆಂದು ಅಡಿಕೆಗೆ ಕೊಳೆರೋಗ ಬಂದ ತೋಟವನ್ನು ಕಂಡ ನಮಗೆ ಹೇಳಬೇಕಾಗಿಲ್ಲ.

ಈ ಗಿಡದ ಔಷಧೀಯ ಗುಣದ ಬಗ್ಗೆ ಪ್ರಾಚೀನರಾಗಲಿ ಆಧುನಿಕರಾಗಲಿ ಏನನ್ನೂ ಹೇಳಿಲ್ಲ, ಅಂದಕ್ಕಾಗಿ ಮಾತ್ರ ಇದನ್ನು ಬೆಳೆಸುತ್ತಾರೆ ಎಂದು ಜೆರಾರ್ಡ್ ಬರೆದಿದ್ದ. ಸುಮಾರು ಮೂರೂವರೆ ಶತಮಾನ ಆ ಮಾತು ನಿಂತಿತು.

1951ರಲ್ಲಿ ಸೋವಿಯತ್ ಒಕ್ಕೂಟದ ಮಷ್ಕೋವ್‌ಸ್ಕಿ ಮತ್ತು ಕ್ರುಗ್ಲಿಕೋವ-ಲ್ವೋವ ಕಾಕಸಸ್‌ನ ಗ್ಯಾಲಂಥಸ್ ವೊರೊನೊವೀಯಲ್ಲಿದ್ದ ಒಂದು ಆಲ್ಕಲಾಯ್ಡ್‌ನ ಗುಣವನ್ನು ವರದಿ ಮಾಡಿದರು. ಮರುವರ್ಷ ಪ್ರೊಸ್ಕುರ್ನಿನ ಮತ್ತು ಯಾಕೊವ್ಲೆವ ಅದನ್ನು ಬೇರ್ಪಡಿಸಿದ ವಿವರ ಪ್ರಕಟಿಸಿದರು. ಅದೇ ಗ್ಯಾಲಂಟಮೀನ್. ನರದ ತುದಿಯಿಂದ ಸ್ನಾಯುವಿಗೆ ಅಥವಾ ಇನ್ನೊಂದು ನರಕ್ಕೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲೀನ್ ಒಂದು. ಕೆಲಸ ಮುಗಿದ ಕೂಡಲೇ ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದುಹಾಕುತ್ತದೆ. ಗ್ಯಾಲಂಟಮೀನ್ ಆ ಕಿಣ್ವವನ್ನು ತಡೆಯುತ್ತದೆ. ಆಗ ಅಸಿಟೈಲ್‌ಕೋಲೀನ್ ಹೆಚ್ಚು ಹೊತ್ತು ಉಳಿದು, ದುರ್ಬಲ ಸಂದೇಶವೂ ಬಲಗೊಳ್ಳುತ್ತದೆ. ಬಲ್ಗೇರಿಯದ ದಿಮಿತರ್ ಪಾಸ್ಕೊವ್ 1950ರ ದಶಕದ ಕೊನೆಯಲ್ಲಿ ಇದನ್ನು ‘ನಿವಾಲಿನ್’ ಎಂಬ ಔಷಧವನ್ನಾಗಿ ರೂಪಿಸಿದರು. ಪೂರ್ವ ಯುರೋಪಿನಲ್ಲಿ ಪೋಲಿಯೊದ ನಂತರದ ದೌರ್ಬಲ್ಯಕ್ಕೆ, ಶಸ್ತ್ರಕ್ರಿಯೆಯ ವೇಳೆ ಸ್ನಾಯು ಸಡಿಲಿಸಲು ಕೊಟ್ಟ ಮದ್ದಿನ ಪ್ರಭಾವ ಇಳಿಸಲು ಅದು ಬಳಕೆಯಾಯಿತು. ಆಲ್‌ಝೈಮರ್ ಕಾಯಿಲೆಯಲ್ಲಿ ಮಿದುಳಿನ ಅಸಿಟೈಲ್‌ಕೋಲೀನ್ ವ್ಯವಸ್ಥೆ ಕುಂದುತ್ತದೆಂದು ತಿಳಿದ ಮೇಲೆ ಪಶ್ಚಿಮದ ಕಂಪನಿಗಳೂ ಇತ್ತ ತಿರುಗಿದವು. 2001ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. ಇದು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಕೆಲವು ರೋಗಿಗಳಲ್ಲಿ ಮರೆವು, ಗೊಂದಲಗಳ ಲಕ್ಷಣವನ್ನು ಸ್ವಲ್ಪ ಕಾಲ ಹಗುರಗೊಳಿಸುತ್ತದೆ, ಅಷ್ಟೆ.

ಇಲ್ಲೂ ಒಂದು ಕಥೆ ಅಂಟಿಕೊಂಡಿದೆ. ಹಳ್ಳಿಯ ಜನ ನೋವಿಗೆ ಹಣೆಯ ಮೇಲೆ ಸ್ನೋಡ್ರಾಪ್ ತಿಕ್ಕಿಕೊಳ್ಳುವುದನ್ನು ಕಂಡ ಒಬ್ಬ ಔಷಧವಿಜ್ಞಾನಿಗೆ ಸುಳಿವು ಸಿಕ್ಕಿತಂತೆ. ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದ ಈ ಪ್ರಸಂಗದ ಮೂಲ ಹುಡುಕಿ 2004ರಲ್ಲಿ ಹೈನ್‌ರಿಕ್ ಮತ್ತು ಟಿಯೊ ಒಂದು ಪರಾಮರ್ಶೆ ಬರೆದರು. ಅವರಿಗೆ ಸಿಕ್ಕ ಲಿಖಿತ ಆಧಾರ ತೀರ ತೆಳುವಾಗಿತ್ತು. ಜನಪದ ಜ್ಞಾನವನ್ನು ಗೌರವಿಸಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಗೌರವದ ಹೆಸರಿನಲ್ಲಿ ತಿಕ್ಕಿದವರು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳದೆ ಪಾಠ ಹೇಳಿಬಿಟ್ಟರೆ, ಪ್ರಯೋಗಾಲಯದಲ್ಲಿ ಕುಳಿತು ಆಲ್ಕಲಾಯ್ಡ್ ಬೇರ್ಪಡಿಸಿದ ಯಾಕೊವ್ಲೆವಳ ಹೆಸರು ತರಗತಿಗೆ ಬರುವುದೇ ಇಲ್ಲ.

ಹೋಮರನ ಒಡಿಸ್ಸಿಯಲ್ಲಿ ಸರ್ಸಿ ಎಂಬ ಮಾಟಗಾತಿ ನಾವಿಕರಿಗೆ ಮದ್ದು ಬೆರೆಸಿದ ಆಹಾರ ಕೊಟ್ಟು ಮರುಳುಗೊಳಿಸಿ ಹಂದಿಗಳನ್ನಾಗಿಸುತ್ತಾಳೆ. ನಾಯಕನಿಗೆ ಮಾತ್ರ ಹರ್ಮಿಸ್ ದೇವತೆ ‘ಮೋಲಿ’ ಎಂಬ ಮೂಲಿಕೆ ಕೊಟ್ಟು ಕಾಪಾಡುತ್ತಾನೆ. ಅದರ ಬೇರು ಕಪ್ಪು, ಹೂವು ಹಾಲಿನ ಬಣ್ಣ. 1983ರಲ್ಲಿ ಪ್ಲೈಟಾಕಿಸ್ ಮತ್ತು ಡುವೊಯ್ಸಿನ್ ಎಂಬ ನರವೈದ್ಯರು ಮೋಲಿ ಎಂದರೆ ಸ್ನೋಡ್ರಾಪ್ ಇರಬೇಕೆಂದು ವಾದಿಸಿದರು. ಸರ್ಸಿಯ ಮದ್ದು ದತ್ತೂರಿಯ ಜಾತಿಯದು ಎಂಬುದು ಅವರ ಊಹೆ. ದತ್ತೂರಿ ಅಥವಾ ಉಮ್ಮತ್ತಿ ತಿಂದವರು ಬಾಯಿ ಒಣಗಿ, ಕಣ್ಣುಪಾಪೆ ಅಗಲವಾಗಿ, ಇಲ್ಲದ್ದನ್ನು ಕಂಡಂತೆ ಮಾತಾಡುವುದು ನಮ್ಮ ಹಳ್ಳಿಗಳಿಗೆ ಗೊತ್ತಿರುವುದೇ. ಅದರಲ್ಲಿನ ಅಟ್ರೊಪಿನ್, ಸ್ಕೊಪೊಲಮೀನ್‌ಗಳು ಅಸಿಟೈಲ್‌ಕೋಲೀನ್ ಕೂರಬೇಕಾದ ಜಾಗವನ್ನು ಆಕ್ರಮಿಸುತ್ತವೆ. ಅಸಿಟೈಲ್‌ಕೋಲೀನನ್ನು ಹೆಚ್ಚಿಸುವ ಗ್ಯಾಲಂಟಮೀನ್ ಅದಕ್ಕೆ ಎದುರಾಳಿ. ರಸಾಯನವಿಜ್ಞಾನದ ತರ್ಕವೇನೋ ಸೊಗಸಾಗಿದೆ. ಆದರೆ ಕಾವ್ಯದ ಮೂಲಿಕೆಯನ್ನು ಪ್ರಯೋಗನಾಳದಲ್ಲಿ ಪರೀಕ್ಷಿಸುವಂತಿಲ್ಲವಲ್ಲ! ಇದನ್ನು ಒಂದು ಜಾಣ ಊಹೆಯೆಂದಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು.

ಗಡ್ಡೆಯಲ್ಲಿ ಇನ್ನೊಂದು ವಸ್ತುವಿದೆ. 1987ರಲ್ಲಿ ಬೆಲ್ಜಿಯಂನ ವ್ಯಾನ್ ಡ್ಯಾಮ್ ಮತ್ತು ಸಂಗಡಿಗರು, ಮ್ಯಾನೋಸ್ ಸಕ್ಕರೆಗೆ ಅಂಟಿಕೊಳ್ಳುವ ಲೆಕ್ಟಿನ್ ಎಂಬ ಪ್ರೋಟೀನನ್ನು ಇದರಿಂದ ಬೇರ್ಪಡಿಸಿದರು. ರಸ ಹೀರುವ ಕೀಟಗಳಿಗೆ ಅದು ವಿಷ. ಅದರ ಜೀನನ್ನು ಬೆಳೆಗೆ ಸೇರಿಸಿದರೆ ಕೀಟನಾಶಕ ಸಿಂಪಡಿಸುವುದು ತಪ್ಪುತ್ತದಲ್ಲ ಎಂಬ ಆಸೆ ಸಹಜ. 2003ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡ, ಈ ಜೀನ್ ಸೇರಿಸಿದ ಭತ್ತವು ಕಂದು ಜಿಗಿಹುಳುವಿನಂಥ ಕೀಟಗಳನ್ನು ತಡೆದುಕೊಳ್ಳುತ್ತದೆಂದು ವರದಿ ಮಾಡಿತು.

ಅಷ್ಟರಲ್ಲಿ ಸ್ಕಾಟ್ಲೆಂಡಿನಲ್ಲಿ ದೊಡ್ಡ ಗಲಾಟೆಯೇ ಆಗಿಹೋಗಿತ್ತು. ಆಬರ್‌ಡೀನ್‌ನ ರೋವೆಟ್ ಸಂಶೋಧನಾ ಸಂಸ್ಥೆಯಲ್ಲಿ ಹಂಗೆರಿ ಮೂಲದ ಆರ್ಪಾದ್ ಪುಸ್ತಾಯ್ ಲೆಕ್ಟಿನ್‌ಗಳ ಬಗ್ಗೆ ದೀರ್ಘಕಾಲ ದುಡಿದಿದ್ದರು. ಸ್ನೋಡ್ರಾಪ್ ಜೀನ್ ಸೇರಿಸಿದ ಆಲೂಗಡ್ಡೆಯನ್ನು ಇಲಿಗಳಿಗೆ ತಿನ್ನಿಸಿದಾಗ ಅವುಗಳ ಬೆಳವಣಿಗೆ, ರೋಗನಿರೋಧಕ ಶಕ್ತಿ ಕುಂದಿತೆಂದು 1998ರ ಆಗಸ್ಟ್‌ನಲ್ಲಿ ಟಿವಿಯಲ್ಲಿ ಹೇಳಿದರು. ಪ್ರಕಟವಾಗದ ಫಲಿತಾಂಶವದು. ಕೆಲವೇ ದಿನಗಳಲ್ಲಿ ಸಂಸ್ಥೆ ಅವರನ್ನು ಅಮಾನತುಗೊಳಿಸಿತು. ಅವರ ಒಪ್ಪಂದ ನವೀಕರಣವಾಗಲಿಲ್ಲ. 1999ರ ಜೂನ್‌ನಲ್ಲಿ ರಾಯಲ್ ಸೊಸೈಟಿ ಪ್ರಯೋಗದ ವಿನ್ಯಾಸ, ನಿರ್ವಹಣೆ, ವಿಶ್ಲೇಷಣೆ ಮೂರರಲ್ಲೂ ದೋಷಗಳಿವೆ ಎಂದಿತು. ಅದೇ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆ, ಇಲಿಗಳ ಕರುಳಿನ ಒಳಪದರದ ಬದಲಾವಣೆ ಕುರಿತು ಯುವೆನ್ ಮತ್ತು ಪುಸ್ತಾಯ್ ಬರೆದ ಪ್ರಬಂಧವನ್ನು ಪ್ರಕಟಿಸಿ ಇನ್ನಷ್ಟು ಟೀಕೆಗೆ ಗುರಿಯಾಯಿತು. ಆ ಆಲೂಗಡ್ಡೆ ಎಂದೂ ಮಾರುಕಟ್ಟೆಗೆ ಬರಲಿಲ್ಲ. ಪುಸ್ತಾಯ್ 2021ರಲ್ಲಿ ತೀರಿಕೊಂಡರು. ಪ್ರಕಟಣೆಗೆ ಮೊದಲೇ ಟಿವಿಯಲ್ಲಿ ಮಾತಾಡಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಉತ್ತರ ಇನ್ನೂ ಅಚ್ಚುಕಟ್ಟಾದ ಪ್ರಯೋಗವಾಗಬೇಕಿತ್ತು. ಅದೇ ಪ್ರಯೋಗವನ್ನು ದೋಷಗಳನ್ನು ತಿದ್ದಿ, ಹೆಚ್ಚು ಇಲಿಗಳೊಂದಿಗೆ ಮಾಡಿದ್ದರೆ ವಾಗ್ವಾದಕ್ಕಿಂತ ಹೆಚ್ಚು ತಿಳಿಯುತ್ತಿತ್ತು.

ಇಂದು ಔಷಧಕ್ಕಾಗಿ ಸ್ನೋಡ್ರಾಪ್ ಕೀಳುವುದಿಲ್ಲ. ಗ್ಯಾಲಂಟಮೀನನ್ನು ಡ್ಯಾಫೊಡಿಲ್ ಮತ್ತಿತರ ಸಂಬಂಧಿ ಗಿಡಗಳಿಂದ ತೆಗೆಯುತ್ತಾರೆ, ಕೃತಕವಾಗಿಯೂ ತಯಾರಿಸುತ್ತಾರೆ. ಅಪಾಯ ಬಂದಿದ್ದು ತೋಟದ ಮೋಹದಿಂದ. ಟರ್ಕಿಯ ಬೆಟ್ಟಗಳಿಂದ ಎಲ್ವಿಸ್‌ನ ಪ್ರಭೇದದ ಗಡ್ಡೆಗಳನ್ನು ಅಗೆದು ಅಗೆದು ಯುರೋಪಿಗೆ ಸಾಗಿಸಲಾಯಿತು. ಹಾಗಾಗಿ 1990ರಿಂದ ಇಡೀ ಗ್ಯಾಲಂಥಸ್ ಕುಲ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಇತ್ತ ಹವ್ಯಾಸಿಗಳ ಹುಚ್ಚು ಬೇರೆ! 2015ರಲ್ಲಿ ‘ಗೋಲ್ಡನ್ ಫ್ಲೀಸ್’ ಎಂಬ ಹಳದಿ ಗುರುತಿನ ಬಗೆಯ ಒಂದೇ ಒಂದು ಗಡ್ಡೆ ಅಂತರಜಾಲದ ಹರಾಜಿನಲ್ಲಿ 1,390 ಪೌಂಡಿಗೆ ಮಾರಾಟವಾಯಿತು. ಅಪರೂಪದ ಗಿಡಗಳ ಕಳವೂ ನಡೆಯುತ್ತದೆ.

ಕೊಳ್ಳದೆ, ಕೀಳದೆ ಸುಮ್ಮನೆ ನೋಡಿ ಬರೆದಿಟ್ಟವರೂ ಇದ್ದಾರೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ನೈಜೆಲ್ ಹೆಪ್ಪರ್ ಎಂಬ ಸಸ್ಯವಿಜ್ಞಾನಿ 1950ರ ದಶಕದಿಂದ ಹಲವು ಗಿಡಗಳ ಮೊದಲ ಹೂವಿನ ದಿನಾಂಕ ಗುರುತಿಸಿಡತೊಡಗಿದರು. ಆ ದಾಖಲೆಯಲ್ಲಿ 1950ರ ದಶಕದ ಸ್ನೋಡ್ರಾಪ್ ಸಾಮಾನ್ಯವಾಗಿ ಅರಳುತ್ತಿದ್ದುದು ಫೆಬ್ರವರಿಯ ಕೊನೆಗೆ. 1990ರ ದಶಕದಿಂದ ಅದು ಜನವರಿಯಲ್ಲೇ ಅರಳುತ್ತಿದೆ.