ಷೇರು ಪೇಟೆಯಲ್ಲಿ ಗಣಕಯಂತ್ರ

ಮಹಾಭಾರತದ ನಳೋಪಾಖ್ಯಾನವನ್ನು ಓದಿದವರಿಗೆ ಋತುಪರ್ಣ ಮಹಾರಾಜನ ನೆನಪಿರಬೇಕು. ರಥದಲ್ಲಿ ಸಾಗುತ್ತಿರುವಾಗಲೇ ದಾರಿಯ ತಾರೆಮರದಲ್ಲಿ ಎಲೆ ಎಷ್ಟು, ಕಾಯಿ ಎಷ್ಟು ಎಂದು ಆತನು ಹೇಳಿಬಿಟ್ಟನು. ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. ಅದೇ ಋತುಪರ್ಣನಿಂದ ದಾಳದ ಮರ್ಮವನ್ನು ಕಲಿತು, ನಳನು ಕಳೆದುಕೊಂಡ ರಾಜ್ಯವನ್ನು ದ್ಯೂತದಲ್ಲಿಯೇ ಮರಳಿ ಗೆದ್ದನು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಋತುಪರ್ಣನು ಜೋಯಿಸನಲ್ಲ, ಬೇಗನೆ, ತಪ್ಪಿಲ್ಲದೆ ಎಣಿಸಬಲ್ಲವನು, ಅಷ್ಟೇ. ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಷೇರು ಪೇಟೆಯಲ್ಲಿ ಗಣಕಯಂತ್ರವು ಮನುಷ್ಯನನ್ನು ಮೀರಿಸಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಾಗುತ್ತದೆ.

ಇದೇನು ವಿದ್ವಾಂಸರ ಕಾಲಹರಣದ ಚರ್ಚೆಯಲ್ಲ. ಈಗ ನಮ್ಮ ಮನೆಯ ಹುಡುಗರು ಕೈಯಲ್ಲಿನ ಫೋನಿನಲ್ಲಿಯೇ ಷೇರು ಕೊಳ್ಳುತ್ತಾರೆ, ಮಾರುತ್ತಾರೆ. ಅವರ ಎದುರಿಗೆ ಕುಳಿತು ಆಡುತ್ತಿರುವವರು ಯಾರೆಂಬುದನ್ನು ಮನೆಯ ಹಿರಿಯರಾದರೂ ತಿಳಿದಿರಬೇಕಷ್ಟೆ.

ಯಂತ್ರದ ಪರವಾಗಿ ಸಾಕ್ಷಿ ಹೇಳಲು ಅಮೆರಿಕದ ಜೇಮ್ಸ್ ಸೈಮನ್ಸ್ ಎಂಬುವರ ಚರಿತ್ರೆಗಿಂತ ಬೇರೆ ಬೇಕಾಗಿಲ್ಲ. 1938ರಲ್ಲಿ ಹುಟ್ಟಿದ ಇವರು ದೊಡ್ಡ ಗಣಿತಜ್ಞರು. ಸರ್ಕಾರಕ್ಕಾಗಿ ಗೂಢಲಿಪಿಗಳನ್ನು ಬಿಡಿಸುವ ಕೆಲಸವನ್ನೂ ಮಾಡಿದ್ದರು. ನ್ಯೂಯಾರ್ಕ್ ಪ್ರಾಂತದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದಲ್ಲಿದ್ದ ಪ್ರಾಧ್ಯಾಪಕ ಪದವಿಯನ್ನು 1978ರಲ್ಲಿ ಬಿಟ್ಟು ವ್ಯಾಪಾರಕ್ಕೆ ಇಳಿದರು. ಮೊದಮೊದಲು ಎಲ್ಲರಂತೆ ಊಹೆಯನ್ನು ನಂಬಿಯೇ ಕೊಂಡರು, ಮಾರಿದರು. ಲಾಭವೂ ಬಂತು, ನಷ್ಟವೂ ಬಂತು. ಮನಸ್ಸಿನ ಏರಿಳಿತ ಪೇಟೆಯ ಏರಿಳಿತಕ್ಕಿಂತ ಹೆಚ್ಚಾಯಿತು. ಆಮೇಲೆ ಅವರು ಊಹೆಯನ್ನು ಬಿಟ್ಟು ಲೆಕ್ಕವನ್ನು ಹಿಡಿದರು. ಹಳೆಯ ಧಾರಣೆಗಳ ಪಟ್ಟಿಗಳನ್ನು ಹುಡುಕಿಸಿದರು. ಸಿಕ್ಕದ ಅಂಕಿಗಳನ್ನು ಕಚೇರಿಯ ದಾಖಲೆಗಳಿಂದ ಕೈಯಲ್ಲಿಯೇ ನಕಲು ಮಾಡಿಸಿದರು. 1988ರಲ್ಲಿ ‘ಮೆಡಾಲಿಯನ್’ ಎಂಬ ನಿಧಿಯನ್ನು ತೆರೆದರು.

ಇಲ್ಲಿ ಭಾಷೆಯ ಉಪಾಧ್ಯಾಯರಿಗೆ ಸಂತೋಷ ತರುವ ಒಂದು ಸಂಗತಿಯಿದೆ. 1993ರಲ್ಲಿ ಸೈಮನ್ಸರ ಸಂಸ್ಥೆಯನ್ನು ಸೇರಿದ ಪೀಟರ್ ಬ್ರೌನ್ ಮತ್ತು ರಾಬರ್ಟ್ ಮರ್ಸರ್ ಎಂಬುವರು ಹಣಕಾಸಿನ ಪಂಡಿತರಲ್ಲ. ಐಬಿಎಂ ಸಂಸ್ಥೆಯಲ್ಲಿ ಯಂತ್ರಕ್ಕೆ ಮನುಷ್ಯರ ಮಾತನ್ನು ಅರ್ಥಮಾಡಿಸುವ ಕೆಲಸದಲ್ಲಿದ್ದವರು. ‘ಹಾಲು’ ಎಂಬ ಶಬ್ದದ ಬೆನ್ನಿಗೆ ‘ಜೇನು’ ಬರುವ ಸಂಭವ ಎಷ್ಟು, ‘ಗೋಡೆ’ ಬರುವ ಸಂಭವ ಎಷ್ಟು? ವ್ಯಾಕರಣವನ್ನು ಬದಿಗಿಟ್ಟು, ಹಿಂದೆ ನಡೆದ ಕೋಟ್ಯಂತರ ಪ್ರಯೋಗಗಳನ್ನು ಎಣಿಸಿ ಈ ಸಂಭವವನ್ನು ಗುಣಿಸುವುದೇ ಅವರ ವಿದ್ಯೆ. ಧಾರಣೆಗಳ ಸಾಲನ್ನೂ ಅವರು ಶಬ್ದಗಳ ಸಾಲಿನಂತೆಯೇ ಓದಿದರು. ಇಂಥ ಏರಿಕೆಯ ಬೆನ್ನಿಗೆ ಎಂಥ ಇಳಿಕೆ ಬರುತ್ತದೆಂದು ಯಂತ್ರಕ್ಕೆ ಕಾರಣ ಗೊತ್ತಿರಬೇಕಾಗಿಲ್ಲ. ರೂಢಿ ಗೊತ್ತಿದ್ದರೆ ಸಾಕು.

ಹಾಗೆಂದು ಯಂತ್ರದ ಊಹೆ ಪ್ರತಿ ಸಲವೂ ಫಲಿಸಿತೆಂದು ತಿಳಿಯಬಾರದು. ನೂರರಲ್ಲಿ ಐವತ್ತಕ್ಕಿಂತ ಕೊಂಚವೇ ಹೆಚ್ಚು ಸಲ ಫಲಿಸಿತು. ಆದರೆ ಲಕ್ಷಾಂತರ ವ್ಯವಹಾರಗಳಲ್ಲಿ ಆ ಕೊಂಚವೇ ಕೂಡುತ್ತ ಹೋಯಿತು. ಹನಿಗೂಡಿ ಹಳ್ಳ! 1988ರಿಂದ 2018ರವರೆಗೆ, ಸಂಸ್ಥೆಯ ಶುಲ್ಕವನ್ನು ಕಳೆಯುವ ಮೊದಲು, ವರ್ಷಕ್ಕೆ ಸರಾಸರಿ ನೂರಕ್ಕೆ 66ರಷ್ಟು ಲಾಭ ಬಂದಿತೆಂದು ಲೆಕ್ಕ ಹಾಕಿದ್ದಾರೆ. ಅಷ್ಟು ದೀರ್ಘಕಾಲ ಇಂಥ ಫಲವನ್ನು ಕಂಡ ಮನುಷ್ಯ ವ್ಯಾಪಾರಿಯ ಹೆಸರು ಚರಿತ್ರೆಯಲ್ಲಿಲ್ಲ.

ಆದರೆ ಇದೇ ಸಂಸ್ಥೆಯ ಕಥೆಗೆ ಇನ್ನೊಂದು ಮುಖವಿದೆ. ಅಲ್ಪಕಾಲದ ಸಣ್ಣ ಅಂತರಗಳನ್ನು ಹೆಕ್ಕುವ ಈ ವಿದ್ಯೆಯಲ್ಲಿ ಹಣ ಮಿತಿಮೀರಿದರೆ ಅಂತರವೇ ಅಳಿಸಿಹೋಗುತ್ತದೆ. ಆದ್ದರಿಂದ 1993ರಲ್ಲಿಯೇ ಹೊರಗಿನವರ ಹೊಸ ಹಣವನ್ನು ಪಡೆಯುವುದು ನಿಂತಿತು. ಮುಂದೆ ಹಳಬರ ಹಣವನ್ನೂ ಹಿಂದಿರುಗಿಸಿ, ಮೆಡಾಲಿಯನ್ ನಿಧಿಯನ್ನು ಬಹುಮಟ್ಟಿಗೆ ಸಂಸ್ಥೆಯವರಿಗೇ ಮೀಸಲಿಟ್ಟರು. ಹೊರಗಿನವರಿಗಾಗಿ ಬೇರೆ ನಿಧಿಗಳನ್ನು ತೆರೆದರು. ಅವುಗಳಲ್ಲಿ ಷೇರುಗಳನ್ನು ಹೆಚ್ಚು ಕಾಲ ಹಿಡಿದಿಡುವುದು ಪದ್ಧತಿ. 2020ರ ಮಹಾಮಾರಿಯ ವರ್ಷದಲ್ಲಿ ಮೆಡಾಲಿಯನ್ ನಿಧಿಗೆ ನೂರಕ್ಕೆ 76ರಷ್ಟು ಲಾಭವಾದರೆ, ಹೊರಗಿನವರ ಮುಖ್ಯ ನಿಧಿಯೊಂದು ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಮನೆ ಒಂದೇ, ವಿದ್ವಾಂಸರು ಅವರೇ. ಯಂತ್ರದ ದೃಷ್ಟಿ ಹತ್ತಿರಕ್ಕೆ ಬಲು ಚುರುಕು, ದೂರಕ್ಕೆ ಮಂದ.

ದೂರವನ್ನು ಕಾಣದ ಯಂತ್ರವನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನಗಳಿವೆ. 1987ರ ಹೊತ್ತಿಗೆ ಅಮೆರಿಕದ ದೊಡ್ಡ ನಿಧಿಗಳು ನಷ್ಟದಿಂದ ಪಾರಾಗಲು ಒಂದು ಲೆಕ್ಕದ ಸೂತ್ರವನ್ನು ಹಿಡಿದಿದ್ದವು: ಧಾರಣೆ ಇಳಿದಂತೆಲ್ಲ ಮಾರುತ್ತ ಹೋಗು. ಒಬ್ಬನು ಹಾಗೆ ಮಾಡಿದರೆ ಜಾಣತನ. ಎಲ್ಲರೂ ಒಂದೇ ಗಳಿಗೆಯಲ್ಲಿ ಹಾಗೆ ಮಾಡಿದರೆ ಕೊಳ್ಳುವವರು ಯಾರು? ಮಾರಾಟದಿಂದ ಇಳಿಕೆ, ಇಳಿಕೆಯಿಂದ ಮತ್ತೆ ಮಾರಾಟ. ಅಕ್ಟೋಬರ್ 19ರ ಸೋಮವಾರ ಒಂದೇ ದಿನ ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ ನೂರಕ್ಕೆ 22.6ರಷ್ಟು ಕುಸಿಯಿತು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು; ಅದರ ವೇಗವನ್ನು ಹೆಚ್ಚಿಸಿದುದರಲ್ಲಿ ಈ ಸೂತ್ರದ ಪಾಲು ದೊಡ್ಡದು. 1998ರಲ್ಲಿ ಇನ್ನೊಂದು ಪಾಠ ಬಂತು. ಹಿಂದಿನ ವರ್ಷವಷ್ಟೇ ನೊಬೆಲ್ ಪಾರಿತೋಷಕ ಪಡೆದ ಮರ್ಟನ್ ಮತ್ತು ಶೋಲ್ಸ್ ಪಾಲುದಾರರಾಗಿದ್ದ ‘ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್’ ಸಂಸ್ಥೆ, ರಷ್ಯಾ ತನ್ನ ಸಾಲವನ್ನು ತೀರಿಸದೆ ಕೈಯೆತ್ತಿದಾಗ ನೆಲಕಚ್ಚಿತು. ಅಂಥದೊಂದು ಆಗಬಹುದೆಂದು ಅವರ ಲೆಕ್ಕ ಎಣಿಸಿರಲಿಲ್ಲ. 2012ರ ಆಗಸ್ಟ್ 1ರಂದು ‘ನೈಟ್ ಕ್ಯಾಪಿಟಲ್’ ಸಂಸ್ಥೆಯ ಎಂಟು ಯಂತ್ರಗಳಲ್ಲಿ ಒಂದಕ್ಕೆ ಹೊಸ ಆದೇಶಗಳನ್ನು ತುಂಬುವುದು ಬಿಟ್ಟುಹೋಗಿ, ಮುಕ್ಕಾಲು ಗಂಟೆಯಲ್ಲಿ ಸುಮಾರು 44 ಕೋಟಿ ಡಾಲರು ಕರಗಿತು. ಮನುಷ್ಯನು ಒಂದು ತಪ್ಪು ಮಾಡಿ ಕೈ ಹಿಂದೆಗೆಯುತ್ತಾನೆ. ಯಂತ್ರ ಅದೇ ತಪ್ಪನ್ನು ನಿಷ್ಠೆಯಿಂದ ಮಾಡುತ್ತಲೇ ಇರುತ್ತದೆ.

ಇನ್ನು ನಮ್ಮ ದೇಶದ ಮಾತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಷೇರು ವ್ಯಾಪಾರವನ್ನು ಗಣಕದ ತೆರೆಯ ಮೇಲೆಯೇ ಆರಂಭಿಸಿತು. ಕೂಗಿ ಕೊಳ್ಳುವ, ಕೂಗಿ ಮಾರುವ ಕಾಲ ಮುಗಿಯಿತು. ವ್ಯಾಪಾರವೆಲ್ಲ ಮುಂಬಯಿಯ ಎರಡು ಕೇಂದ್ರಗಳಲ್ಲಿ ನೆಲೆಗೊಂಡು ಪ್ರಾಂತಗಳ ಪೇಟೆಗಳು ಸೊರಗಿದವು. 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರವೂ 2014ರಲ್ಲಿ ಬಾಗಿಲು ಹಾಕಿತು. ಷೇರು ಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿ ಮಂಡಲಿ 2024ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಪ್ರತಿಯೊಂದು ಮನೆಯವರೂ ನೋಡಬೇಕು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರದಲ್ಲಿ ಕೈಹಾಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ 2021-22ರಿಂದ ಮೂರು ವರ್ಷಗಳಲ್ಲಿ ನಷ್ಟ ಹೊಂದಿದರು; ಒಬ್ಬೊಬ್ಬರ ನಷ್ಟ ಸರಾಸರಿ ಎರಡು ಲಕ್ಷ ರೂಪಾಯಿ. ಲಾಭ ಹೋದುದೆಲ್ಲಿಗೆ? 2023-24ರಲ್ಲಿ ಇದೇ ವ್ಯಾಪಾರದಲ್ಲಿ ವಿದೇಶಿ ಹೂಡಿಕೆದಾರರು ಗಳಿಸಿದ ಲಾಭದಲ್ಲಿ ನೂರಕ್ಕೆ 97 ಪಾಲೂ, ಸ್ವಂತ ಹಣದಿಂದ ವ್ಯಾಪಾರ ಮಾಡುವ ದೊಡ್ಡ ದಲ್ಲಾಳಿ ಸಂಸ್ಥೆಗಳ ಲಾಭದಲ್ಲಿ 96 ಪಾಲೂ ಗಣಕಯಂತ್ರಗಳು ತಾವೇ ನಡೆಸಿದ ವ್ಯವಹಾರದಿಂದ ಬಂದುದು.

ಅಂತೂ ಗಳಿಗೆ ಗಳಿಗೆಯ ಆಟದಲ್ಲಿ ಯಂತ್ರವೇ ಮೇಲು, ಒಪ್ಪಿಕೊಳ್ಳುವುದು ಲೇಸು. ಅದಕ್ಕೆ ಆಸೆಯಿಲ್ಲ, ಅಂಜಿಕೆಯಿಲ್ಲ, ನಿದ್ದೆಯಿಲ್ಲ. ಆದರೆ ಗೆದ್ದ ಹಣ ಸೇರುವುದು ಯಂತ್ರದ ಒಡೆಯನ ಪೆಟ್ಟಿಗೆಗೆ. ಒಳ್ಳೆಯ ಉದ್ಯಮವೊಂದರಲ್ಲಿ ಹಣವಿಟ್ಟು ಇಪ್ಪತ್ತು ವರ್ಷ ಕಾಯುವ ಗೃಹಸ್ಥನಿಗೆ ಈ ಆಟದ ಗೊಡವೆಯೇ ಇಲ್ಲ. ಕಾಯುವ ಕೆಲಸದಲ್ಲಿ ಯಂತ್ರ ಅವನಿಗಿಂತ ಹೆಚ್ಚಿನದೇನನ್ನೂ ಸಾಧಿಸಿ ತೋರಿಸಿಲ್ಲ.

ಗಣಕದ ವಿದ್ಯೆಯಿಂದ ಖಚಿತ ಲಾಭ ಕೊಡಿಸುತ್ತೇವೆಂದು ಯಾರಾದರೂ ನಿಮ್ಮ ಮನೆಯ ಹುಡುಗನನ್ನು ಕರೆದರೆ, ಅವನಿಂದ ಒಂದೇ ಒಂದು ಪ್ರಶ್ನೆ ಕೇಳಿಸಿ: “ಆ ವಿದ್ಯೆಯನ್ನು ನಿಜವಾಗಿ ಬಲ್ಲ ಸೈಮನ್ಸರು ಹೊರಗಿನವರ ಹಣವನ್ನೇ ಬೇಡವೆಂದು ಹಿಂದಿರುಗಿಸಿದರಲ್ಲ! ತಾವು ನಮ್ಮ ಹಣ ಕೇಳಿಕೊಂಡು ಏಕೆ ಬಂದಿರಿ?”