ಸಮವಸ್ತ್ರ ಧರಿಸಿದ ಶಾಲಾಶಿಕ್ಷಕ



ಯುದ್ಧಗಳ ಇತಿಹಾಸವು ಸೇನಾಪತಿಗಳ ಹೆಸರುಗಳನ್ನೂ ಸತ್ತವರ ಸಂಖ್ಯೆಯನ್ನೂ ದಾಖಲಿಸುತ್ತದೆ. ಹಸಿದವನಿಗೆ ಗುಟ್ಟಾಗಿ ಕೊಟ್ಟ ರೊಟ್ಟಿಯ ಲೆಕ್ಕ ಅಲ್ಲಿ ಸಿಗುವುದು ಅಪರೂಪ. ಅಂತಹ ಅಪರೂಪದ ಲೆಕ್ಕವೊಂದು ವಿಲ್ಮ್ ಹೊಸೆನ್‌ಫೆಲ್ಡ್ ಎಂಬ ಜರ್ಮನ್ ಶಾಲಾಶಿಕ್ಷಕರ ಬದುಕಿನಲ್ಲಿ ಉಳಿದುಬಂದಿದೆ. ಎರಡು ಮಹಾಯುದ್ಧಗಳಲ್ಲಿ ಸೈನಿಕರಾಗಿದ್ದ ಈ ಕಥೋಲಿಕ ಗೃಹಸ್ಥರನ್ನು ನಮ್ಮ ಕುಟುಂಬಗಳು ಅರಿತಿರುವುದು ಒಳಿತು.

ಸಂತ ಬೋನಿಫಾಸರ ಸಮಾಧಿಯಿರುವ ಫುಲ್ಡಾ ನಗರದ ಸಮೀಪದ ಮಾಕೆನ್‌ಜೆಲ್ ಎಂಬ ಹಳ್ಳಿಯಲ್ಲಿ 1895ರ ಮೇ 2ರಂದು ಅವರು ಜನಿಸಿದರು. ತಂದೆಯೂ ಶಾಲಾಶಿಕ್ಷಕರು, ದೈವಭಕ್ತರು. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಹೊಸೆನ್‌ಫೆಲ್ಡ್ 1917ರಲ್ಲಿ ತೀವ್ರವಾಗಿ ಗಾಯಗೊಂಡು ಹಿಂದಿರುಗಿದರು. 1920ರಲ್ಲಿ ಆನ್ನೆಮರೀ ಎಂಬವರನ್ನು ವಿವಾಹವಾದರು, ಐವರು ಮಕ್ಕಳಾದರು. 1927ರಿಂದ ತಾಲಾವ್ ಎಂಬ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಶಾಲೆ, ಮನೆ, ದೇವಾಲಯ ಇಷ್ಟರೊಳಗೇ ಮುಗಿದುಹೋಗಬಹುದಾಗಿದ್ದ ಬದುಕದು.

ಆದರೆ ಕಾಲದ ಗಾಳಿ ಅವರನ್ನೂ ಬಿಡಲಿಲ್ಲ. ಸೋತ ದೇಶಕ್ಕೆ ಹಿಟ್ಲರನು ಗೌರವವನ್ನು ಮರಳಿ ತರುವನೆಂದು ಕೋಟ್ಯಂತರ ಜರ್ಮನ್ನರು ನಂಬಿದಂತೆ ಅವರೂ ನಂಬಿದರು. 1933ರಲ್ಲಿ ನಾಜಿಗಳ ಸ್ವಯಂಸೇವಕ ದಳವನ್ನೂ 1935ರಲ್ಲಿ ಪಕ್ಷವನ್ನೂ ಸೇರಿದರು. ಇದನ್ನು ಮರೆಮಾಚಿ ಅವರನ್ನು ಹೊಗಳುವುದು ಸತ್ಯಕ್ಕೆ ಎಸಗುವ ಅಪಚಾರ. ಒಳ್ಳೆಯ ತಂದೆ, ಒಳ್ಳೆಯ ಶಿಕ್ಷಕ, ತಪ್ಪದೆ ಪೂಜೆಗೆ ಹೋಗುವ ವಿಶ್ವಾಸಿಯೂ ದ್ವೇಷದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಬಲ್ಲನೆಂಬುದು ಅವರ ಬದುಕಿನ ಮೊದಲ ಪಾಠ.

1939ರ ಆಗಸ್ಟಿನಲ್ಲಿ ಅವರನ್ನು ಮತ್ತೆ ಸೇನೆಗೆ ಕರೆಸಿಕೊಳ್ಳಲಾಯಿತು. ಪೋಲೆಂಡಿನ ಪಾಬ್ಯಾನಿತ್ಸೆ ಎಂಬಲ್ಲಿ ಯುದ್ಧಕೈದಿಗಳ ಶಿಬಿರದ ಹೊಣೆ ಅವರಿಗೆ ಬಂತು. ಸೆರೆಯಾದ ಗಂಡನನ್ನು ಹುಡುಕುತ್ತಾ ತುಂಬು ಗರ್ಭಿಣಿಯೊಬ್ಬಳು ಅಲ್ಲಿಗೆ ಬಂದಳು. ಮೂರು ದಿನಗಳಲ್ಲಿ ನಿನ್ನ ಗಂಡ ಮನೆ ಸೇರುವನೆಂದು ಮಾತುಕೊಟ್ಟ ಹೊಸೆನ್‌ಫೆಲ್ಡ್ ಹಾಗೆಯೇ ನಡೆದುಕೊಂಡರು. ಚೆಚೊರಾ ಎಂಬ ಆ ಮನೆತನದೊಡನೆ ಬೆಳೆದ ಸ್ನೇಹ ಮುಂದೆ ಹಲವರ ಜೀವ ಉಳಿಸಿತು. ಶತ್ರುವೆಂಬ ಒಂದೇ ಪದದ ಹಿಂದೆ ಇಂತಹ ಮುಖಗಳಿರುವುದನ್ನು ಕಂಡಂತೆಲ್ಲ ಅವರ ಹಳೆಯ ನಂಬಿಕೆ ಸಡಿಲವಾಗುತ್ತಾ ಬಂತು.

1940ರಲ್ಲಿ ವಾರ್ಸಾ ನಗರಕ್ಕೆ ವರ್ಗವಾದಾಗ ಸೇನೆಯ ಕ್ರೀಡಾಶಾಲೆಯ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ಅವರು ಪೋಲಿಷ್ ಭಾಷೆ ಕಲಿತರು. ಗೆದ್ದ ಸೇನೆಯ ಸಮವಸ್ತ್ರದಲ್ಲೇ ಸೋತವರ ದೇವಾಲಯಗಳಿಗೆ ಹೋಗಿ, ಅವರ ನಡುವೆ ನಿಂತು ಬಲಿಪೂಜೆಯಲ್ಲಿ ಭಾಗವಹಿಸಿ ಪರಮಪ್ರಸಾದ ಸ್ವೀಕರಿಸಿದರು. ಒಂದೇ ರೊಟ್ಟಿಯಲ್ಲಿ ಪಾಲ್ಗೊಂಡವರನ್ನು ಶತ್ರುಗಳೆಂದು ಕಾಣುವುದು ಹೇಗೆ?

1942ರ ಬೇಸಿಗೆಯಲ್ಲಿ ವಾರ್ಸಾದ ಸುಮಾರು 2,65,000 ಯೆಹೂದ್ಯರನ್ನು ರೈಲುಗಳಲ್ಲಿ ತುಂಬಿ ಟ್ರೆಬ್ಲಿಂಕಾ ಎಂಬ ಮರಣಶಿಬಿರಕ್ಕೆ ಸಾಗಿಸಲಾಯಿತು. ತಮ್ಮ ಜನಾಂಗ ಎಸಗುತ್ತಿದ್ದ ಪಾಪವನ್ನು ಹೊಸೆನ್‌ಫೆಲ್ಡ್ ದಿನಚರಿಯಲ್ಲಿ ನಾಚಿಕೆಯಿಂದ ಬರೆದಿಟ್ಟರು. ಆ ಪುಸ್ತಕಗಳನ್ನು ಸೇನೆಯ ಅಂಚೆಯಲ್ಲೇ ಮನೆಗೆ ಕಳುಹಿಸಿದರು. ಸಿಕ್ಕಿಬಿದ್ದಿದ್ದರೆ ಪ್ರಾಣಕ್ಕೇ ಸಂಚಕಾರ.

ಬರೆದು ಸುಮ್ಮನಾಗಲಿಲ್ಲ. ಟ್ರೆಬ್ಲಿಂಕಾದ ರೈಲಿನಿಂದ ತಪ್ಪಿಸಿಕೊಂಡು ಬಂದ ಲಿಯೋನ್ ವಾರ್ಮ್ ಎಂಬ ಯೆಹೂದ್ಯರಿಗೆ ಬೇರೆ ಹೆಸರಿನ ಗುರುತುಪತ್ರ ಮಾಡಿಸಿಕೊಟ್ಟು ಕ್ರೀಡಾಶಾಲೆಯಲ್ಲಿ ಕೆಲಸ ಕೊಟ್ಟರು. ಗುಪ್ತ ಪೊಲೀಸರು ಹುಡುಕುತ್ತಿದ್ದ ಆಂತೋನಿ ಚೆಚೊರಾ ಎಂಬ ಗುರುಗಳನ್ನೂ ಹೀಗೆಯೇ ಕಾಪಾಡಿದರು. ಆ ಗುರುಗಳ ಬಂಧುವೊಬ್ಬರನ್ನು ಇತರರೊಡನೆ ಲಾರಿಯಲ್ಲಿ ಕೊಲ್ಲಲು ಒಯ್ಯುತ್ತಿದ್ದಾಗ ಹೊಸೆನ್‌ಫೆಲ್ಡ್ ಆ ಲಾರಿಯನ್ನು ತಡೆದರು. ಕೆಲಸಕ್ಕೊಬ್ಬ ಆಳು ಬೇಕೆಂದು ಹೇಳಿ, ಯಾರನ್ನೋ ಆರಿಸುವವರಂತೆ ಅವರನ್ನೇ ಇಳಿಸಿಕೊಂಡರು. ಉಳಿದವರನ್ನು ಹೊತ್ತು ಲಾರಿ ಮುಂದೆ ಸಾಗಿತು. ಎಲ್ಲರನ್ನೂ ಉಳಿಸುವ ಶಕ್ತಿ ಅವರಿಗಿರಲಿಲ್ಲ. ಎಲ್ಲರನ್ನೂ ಉಳಿಸಲಾಗದೆಂದು ಒಬ್ಬರನ್ನು ಕೈಬಿಡಲೂ ಇಲ್ಲ.

1944ರ ನವೆಂಬರ್ 17ರಂದು, ಪಾಳುಬಿದ್ದ ವಾರ್ಸಾದ ಮನೆಯೊಂದರಲ್ಲಿ ಆಹಾರ ಹುಡುಕುತ್ತಿದ್ದ ವ್ಲಾದಿಸ್ವಾವ್ ಶ್ಪಿಲ್‌ಮನ್ ಅವರಿಗೆ ಎದುರಾದರು. ತಂದೆ, ತಾಯಿ, ತಮ್ಮ, ತಂಗಿಯರನ್ನೆಲ್ಲ ಟ್ರೆಬ್ಲಿಂಕಾಕ್ಕೆ ಕಳೆದುಕೊಂಡಿದ್ದ ಯೆಹೂದ್ಯ ಸಂಗೀತಗಾರ ಅವರು. ಪಿಯಾನೊ ವಾದಕನೆಂದು ಹೇಳಿದಾಗ ಅಲ್ಲಿದ್ದ ವಾದ್ಯವನ್ನು ನುಡಿಸಲು ಹೊಸೆನ್‌ಫೆಲ್ಡ್ ಹೇಳಿದರು. ಹಸಿವಿನಿಂದ ಬಡಕಲಾದ ಕೈಗಳು ಶೋಪೆನನ ರಚನೆಯೊಂದನ್ನು ನುಡಿಸಿದವು. ಆ ಬಳಿಕ ಅಟ್ಟದ ಮೇಲೆ ಸುರಕ್ಷಿತ ಅಡಗುತಾಣವನ್ನು ತೋರಿಸಿದ ಅಧಿಕಾರಿ ರೊಟ್ಟಿ, ಹೊದಿಕೆ, ಕೋಟು ತಂದುಕೊಟ್ಟರು. ಸದಯ ಸಮಾರಿಯನ ಸಾಮತಿಯನ್ನು ಇಲ್ಲಿ ನೆನೆಯದಿರುವುದು ಕಷ್ಟ.

ಅನೇಕರನ್ನು ಉಳಿಸಿದವರನ್ನು ಉಳಿಸುವವರು ಯಾರೂ ಇರಲಿಲ್ಲ. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಅವರನ್ನು ಸೆರೆಹಿಡಿಯಿತು. ತಾವು ಕಾಪಾಡಿದವರ ಹೆಸರುಗಳನ್ನು 1946ರಲ್ಲಿ ಒಂದು ಅಂಚೆಕಾರ್ಡಿನಲ್ಲಿ ಬರೆದು ಪತ್ನಿಗೆ ಕಳುಹಿಸಿದರು. 1950ರಲ್ಲಿ ಲಿಯೋನ್ ವಾರ್ಮ್ ಆ ಮನೆಗೆ ಬಂದಾಗ ಆ ಕಾರ್ಡನ್ನು ಕಂಡು ಶ್ಪಿಲ್‌ಮನ್ನರಿಗೆ ತಿಳಿಸಿದರು. ತಮ್ಮನ್ನು ಉಳಿಸಿದವರ ಹೆಸರು ಶ್ಪಿಲ್‌ಮನ್ನರಿಗೆ ಗೊತ್ತಾದದ್ದೇ ಆಗ. ಅವರು ಅಧಿಕಾರಸ್ಥರಲ್ಲಿ ಮೊರೆಯಿಟ್ಟರೂ ಫಲವಾಗಲಿಲ್ಲ. ಇಪ್ಪತ್ತೈದು ವರ್ಷಗಳ ಶಿಕ್ಷೆಗೆ ಗುರಿಯಾಗಿದ್ದ ಹೊಸೆನ್‌ಫೆಲ್ಡ್ 1952ರ ಆಗಸ್ಟ್ 13ರಂದು ಸ್ಟಾಲಿನ್‌ಗ್ರಾಡಿನಲ್ಲಿ ಸೆರೆಯಾಳಾಗಿಯೇ ಕಣ್ಮುಚ್ಚಿದರು. ಆಗ ಅವರಿಗೆ 57 ವರ್ಷ.

ಮನ್ನಣೆ ತಡವಾಗಿ ಬಂತು. ಶ್ಪಿಲ್‌ಮನ್ನರ ನೆನಪುಗಳನ್ನು ಆಧರಿಸಿದ 'ದಿ ಪಿಯಾನಿಸ್ಟ್' ಚಲನಚಿತ್ರ 2002ರಲ್ಲಿ ತೆರೆಕಂಡಿತು. 2007ರಲ್ಲಿ ಪೋಲೆಂಡ್ ಅವರಿಗೆ ಮರಣೋತ್ತರ ಗೌರವ ಸಲ್ಲಿಸಿತು. ಯುದ್ಧಾಪರಾಧಗಳಲ್ಲಿ ಅವರ ಪಾಲಿರಲಿಲ್ಲವೆಂದು ಖಚಿತವಾದ ಮೇಲೆ, 2008ರಲ್ಲಿ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ಅವರನ್ನು ನೀತಿವಂತರ ಪಟ್ಟಿಗೆ ಸೇರಿಸಿತು.

ಸೆರೆಮನೆಯ ಆ ಅಂಚೆಕಾರ್ಡು ನನಗೆ ಶಿಕ್ಷಕರ ಹಾಜರಿ ಪುಸ್ತಕದಂತೆ ತೋರುತ್ತದೆ. ಒಳ್ಳೆಯ ಶಿಕ್ಷಕರು ತರಗತಿಯನ್ನು ಗುಂಪೆಂದು ಕಾಣುವುದಿಲ್ಲ. ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆಯುತ್ತಾರೆ. ದ್ವೇಷಕ್ಕೆ ಹೆಸರುಗಳು ಬೇಡ, 'ಅವರು' ಎಂಬ ಒಂದೇ ಪದ ಸಾಕು. ನಮ್ಮ ಊಟದ ಮನೆಯಲ್ಲಿ ಆ ಪದವು ಯಾವ ಧ್ವನಿಯಲ್ಲಿ ಕೇಳಿಬರುತ್ತಿದೆ? ಪಕ್ಕದ ಬೀದಿಯ, ಬೇರೆ ಜಾತಿಯ, ಬೇರೆ ಧರ್ಮದ ಎಷ್ಟು ಜನರ ಹೆಸರು ನಮ್ಮ ಮಕ್ಕಳಿಗೆ ಗೊತ್ತು? ಇಂದು ರಾತ್ರಿ ಕುಟುಂಬ ಪ್ರಾರ್ಥನೆಗೆ ಕುಳಿತಾಗ ಅಂತಹ ಒಬ್ಬರನ್ನಾದರೂ ಹೆಸರು ಹಿಡಿದು ದೇವರ ಮುಂದೆ ನೆನೆಯೋಣ.